ಒಂದೇ ಆಬ್ಜೆಕ್ಟ್‌ಗೆ ಎರಡು ಹುಡುಕಾಟ ಬೇಕೇ?

ಗಿಟ್‌ನ ‘ಕ್ಯಾಟ್-ಫೈಲ್’ ಕಮಾಂಡ್‌ಗೆ ಒಂದು ಹ್ಯಾಶ್ ಕೊಟ್ಟರೆ ಆ ಆಬ್ಜೆಕ್ಟ್‌ನ ಬಗೆ, ಗಾತ್ರ, ಒಳಗಿನ ವಿಷಯ ಎಲ್ಲವನ್ನೂ ಅದು ತೋರಿಸಬಲ್ಲದು. ಬ್ಯಾಚ್ ರೂಪದಲ್ಲಿ ಓಡಿಸಿದರೆ ಒಂದೇ ಸಲಕ್ಕೆ ಲಕ್ಷಾಂತರ ಆಬ್ಜೆಕ್ಟ್‌ಗಳನ್ನು ನಿಭಾಯಿಸುತ್ತದೆ. ಆದರೆ ಹೀಗೆ ಓಡುವಾಗ ಒಂದೇ ಆಬ್ಜೆಕ್ಟನ್ನು ಎರಡೆರಡು ಸಲ ಹುಡುಕುವ ಸಂದರ್ಭಗಳಿವೆ. ಈ ಮರುಹುಡುಕಾಟವನ್ನು ತೆಗೆದುಹಾಕಬೇಕೇ ಎಂಬ ಬಗ್ಗೆ ಅನುಭವಿಗಳಲ್ಲೂ ಪ್ರಾಮಾಣಿಕ ಭಿನ್ನಾಭಿಪ್ರಾಯ ಸಾಧ್ಯ.

ತೆಗೆಯಬೇಕು ಎನ್ನುವವರ ವಾದ ಬಲವಾದುದು. ಪ್ಯಾಕ್‌ನಲ್ಲಿ, ಅಂದರೆ ಹಲವು ಆಬ್ಜೆಕ್ಟ್‌ಗಳನ್ನು ಒಟ್ಟಿಗೆ ಅಡಕವಾಗಿಟ್ಟ ಫೈಲಿನಲ್ಲಿ, ಇರುವ ಆಬ್ಜೆಕ್ಟನ್ನು ಹುಡುಕಲು ಗಿಟ್ ಇಂಡೆಕ್ಸ್ ಫೈಲಿನ 256 ಸಾಲುಗಳ ಪಟ್ಟಿಯನ್ನು ನೋಡಿ, ಬಳಿಕ ಬೈನರಿ ಸರ್ಚ್ ಮಾಡುತ್ತದೆ. ಒಂದು ಆಬ್ಜೆಕ್ಟ್‌ಗೆ ಇದು ಲೆಕ್ಕಕ್ಕೇ ಬಾರದು; ಲಕ್ಷಗಟ್ಟಲೆ ಆದಾಗ ಭಾರವಾಗುತ್ತದೆ. ಮೊದಲ ಸಂದರ್ಭವನ್ನು ನೋಡಿ: ಎಲ್ಲ ಆಬ್ಜೆಕ್ಟ್‌ಗಳನ್ನೂ ಪಟ್ಟಿ ಮಾಡುವ ಆಯ್ಕೆಯಲ್ಲಿ ಕಮಾಂಡ್ ತಾನೇ ಪ್ಯಾಕ್‌ಗಳನ್ನು ಸುತ್ತುತ್ತದೆ. ಪ್ರತಿಯೊಂದೂ ಯಾವ ಪ್ಯಾಕಿನ ಯಾವ ಆಫ್‌ಸೆಟ್‌ನಲ್ಲಿದೆ ಎಂಬುದು ಆಗಲೇ ಅದಕ್ಕೆ ಗೊತ್ತು. ಹಿಂದೆ ಆ ಮಾಹಿತಿಯನ್ನು ಬಿಟ್ಟು, ಹ್ಯಾಶ್ ಹಿಡಿದು ಮತ್ತೆ ಹುಡುಕುತ್ತಿತ್ತು. 2021ರಲ್ಲಿ ಇದನ್ನು ಸರಿಪಡಿಸಿದಾಗ, ಲಿನಕ್ಸ್ ಕರ್ನೆಲ್ ರೆಪೊಸಿಟರಿಯಲ್ಲಿ ಹೆಸರು ಮತ್ತು ಬಗೆಯನ್ನಷ್ಟೇ ಕ್ರಮವಿಲ್ಲದೆ ಪಟ್ಟಿ ಮಾಡುವ ಸಮಯ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು.

ಉಳಿಸಬೇಕು ಎನ್ನುವವರ ಕಾಳಜಿಯೂ ಹುಸಿಯಲ್ಲ. ಸಾಮಾನ್ಯ ಹುಡುಕಾಟ ಬರೀ ಜಾಗ ತೋರಿಸಿ ಸುಮ್ಮನಾಗುವುದಿಲ್ಲ. ಬದಲಿ ಆಬ್ಜೆಕ್ಟ್ ಸೂಚಿಸಿದ್ದರೆ ಅದನ್ನು ಪಾಲಿಸುತ್ತದೆ, ಒಂದು ಪ್ರತಿ ಕೆಟ್ಟಿದ್ದರೆ ಇನ್ನೊಂದನ್ನು ನೋಡುತ್ತದೆ, ಭಾಗಶಃ ಕ್ಲೋನ್‌ನಲ್ಲಿ ಇಲ್ಲದ್ದನ್ನು ದೂರದ ಸರ್ವರ್‌ನಿಂದ ತರಿಸುತ್ತದೆ. ನೇರದಾರಿ ಹಿಡಿದರೆ ಈ ರಕ್ಷಣೆಗಳು ತಾವಾಗಿ ಸಿಗುವುದಿಲ್ಲ. ಒಂದೊಂದನ್ನೂ ಹೊಸದಾಗಿ ಯೋಚಿಸಬೇಕಾಗುತ್ತದೆ. 2021ರ ಬದಲಾವಣೆಗೂ ಮುನ್ನ, ಎಲ್ಲವನ್ನೂ ಪಟ್ಟಿ ಮಾಡುವಾಗ ಬದಲಿ ಸೂಚನೆ ಅನ್ವಯಿಸದು ಎಂದು ತೀರ್ಮಾನಿಸಬೇಕಾಯಿತು.

ಎರಡನೆಯ ಸಂದರ್ಭ ವಿಷಯವನ್ನೂ ಮುದ್ರಿಸುವಾಗಿನದು. ಬಗೆ ಮತ್ತು ಗಾತ್ರದ ತಲೆಸಾಲಿಗೆ ಒಂದು ಹುಡುಕಾಟ, ವಿಷಯಕ್ಕೆ ಮತ್ತೊಂದು. ಎರಡರ ನಡುವೆ ಕಮಿಟ್ ಅಥವಾ ಟ್ರೀಯ ಬಗೆ ಬದಲಾಗಿ ಕಂಡರೆ ಆಬ್ಜೆಕ್ಟ್ ಬದಲಾಗಿದೆ ಎಂದು ದೂರಿ ನಿಲ್ಲುವ ತಪಾಸಣೆಯೊಂದನ್ನು ಕೋಡಿನಲ್ಲಿ ಬರೆದಿಡಲಾಗಿದೆ. ಒಂದೇ ಓದಿನಲ್ಲಿ ಎರಡನ್ನೂ ಪಡೆದರೆ ಇಂಥ ಅನುಮಾನಕ್ಕೆ ಎಡೆಯೇ ಇರದು ಎಂಬುದು ಮರುಹುಡುಕಾಟ ತೆಗೆಯಬೇಕೆನ್ನುವವರ ತರ್ಕ. ಅದು ಒಪ್ಪತಕ್ಕದ್ದೇ.

ಆದರೆ ತಲೆಸಾಲಿನ ಜೊತೆಗೇ ವಿಷಯವನ್ನೂ ತಂದರೆ ಅದು ಮೆಮೊರಿಯಲ್ಲಿ ಕೂರಬೇಕು. ದೊಡ್ಡ ಬ್ಲಾಬ್‌ಗಳನ್ನು ತುಂಡುತುಂಡಾಗಿ ಹೊರಬಿಡುವ ಈಗಿನ ವ್ಯವಸ್ಥೆ ಮೆಮೊರಿಯನ್ನು ಉಳಿಸುತ್ತದೆ. ಹಲವು ಪ್ರೊಸೆಸ್‌ಗಳು ಒಟ್ಟಿಗೆ ಓಡುವ ಸರ್ವರ್‌ನಲ್ಲಿ ಆ ಉಳಿತಾಯ ಒಂದು ಹುಡುಕಾಟಕ್ಕಿಂತ ಬೆಲೆಯುಳ್ಳದ್ದು. ಮೇಲಾಗಿ, ಸಂಕುಚಿತ ದತ್ತಾಂಶವನ್ನು ಬಿಡಿಸಿ, ಡೆಲ್ಟಾಗಳನ್ನು ಜೋಡಿಸುವ ಖರ್ಚಿನ ಮುಂದೆ ಹುಡುಕಾಟದ ಪಾಲು ಸಾಮಾನ್ಯವಾಗಿ ಚಿಕ್ಕದು.

ಎರಡೂ ಕಡೆಯ ಕಾರಣಗಳನ್ನು ತೂಗಿದರೆ, ಜಾಗದ ಮಾಹಿತಿ ಎಲ್ಲಿಂದ ಬಂತು ಎಂಬುದನ್ನು ಆಧರಿಸಿ ನಿರ್ಧರಿಸುವುದು ಲೇಸೆನಿಸುತ್ತದೆ. ಪ್ಯಾಕ್ ಸುತ್ತುತ್ತ ಕಮಾಂಡ್ ತಾನೇ ಕಂಡುಕೊಂಡ ಜಾಗವನ್ನು ಮತ್ತೆ ಹುಡುಕಬೇಕಿಲ್ಲ. ಬಳಕೆದಾರ ಕೊಟ್ಟ ಹ್ಯಾಶ್‌ಗೆ ಮಾತ್ರ ಎಲ್ಲ ರಕ್ಷಣೆಗಳಿರುವ ಹಳೆಯ ದಾರಿಯೇ ಇರಲಿ. ಚಿಕ್ಕ ಆಬ್ಜೆಕ್ಟ್‌ಗಳನ್ನು ಒಂದೇ ಓದಿಗೆ ತರಬಹುದು, ದೊಡ್ಡವನ್ನು ತುಂಡಾಗಿಯೇ ಬಿಡಬೇಕು. ನೇರದಾರಿ ಸೋತಲ್ಲಿ ಸಾಮಾನ್ಯ ಹುಡುಕಾಟಕ್ಕೆ ಮರಳಬೇಕು. ಇಷ್ಟಾದ ಮೇಲೂ ನಿಜವಾದ ದೊಡ್ಡ ರೆಪೊಸಿಟರಿಯಲ್ಲಿ ಅಳೆದು ನೋಡಿದಾಗ ಲಾಭ ಕಾಣದಿದ್ದರೆ, ಆ ಬದಲಾವಣೆಯನ್ನು ಸೇರಿಸದಿರುವುದೇ ಒಳಿತು.