ಮನೆಯೊಳಗಿನ ಮಾತು: ಅಡುಗೆಮನೆಯ ಕಪಾಟಿಗೆ ಯಾವ ಬಣ್ಣ?

ಮನೆಗೆ ಬಣ್ಣ ಬಳಿಸುವ ಕಾಲ ಬಂದಾಗ ಚಾವಡಿಗೆ ಯಾವ ಬಣ್ಣವೆಂದು ಮನೆಮಂದಿಯೆಲ್ಲ ಕುಳಿತು ಚರ್ಚಿಸುತ್ತಾರೆ. ಅಡುಗೆಮನೆಯ ಸರದಿ ಬಂದಾಗ ಡಬ್ಬಿಯಲ್ಲಿ ಉಳಿದುದನ್ನು ಬಳಿದು ಮುಗಿಸುವ ಪದ್ಧತಿ ಅನೇಕ ಮನೆಗಳಲ್ಲಿದೆ. ಬಂದ ನೆಂಟರು ಚಾವಡಿಯಲ್ಲಿ ಕುಳಿತುಕೊಳ್ಳುವುದು ಅರ್ಧ ತಾಸು. ಮನೆಯ ಹೆಂಗಸರು ಅಡುಗೆಮನೆಯಲ್ಲಿ ನಿಲ್ಲುವುದು ದಿನದ ಬಹುಪಾಲು. ಬೆಂಕಿ, ಕತ್ತಿ, ಕುದಿಯುವ ನೀರು ಇರುವುದೂ ಅಲ್ಲಿಯೇ. ಹೀಗಿರುವಾಗ ಆ ಕೋಣೆಯ ಬಣ್ಣವನ್ನು ಕೇವಲ ಅಂದದ ವಿಷಯವೆಂದು ತಳ್ಳಿಹಾಕುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಈ ತಿಂಗಳು ಅಡುಗೆಮನೆಯ ಕಪಾಟಿನ ಬಣ್ಣದ ಕುರಿತು ನಾಲ್ಕು ಮಾತು ಬರೆಯಲು ಅದೇ ಕಾರಣ.

ಈಚಿನ ವರ್ಷಗಳಲ್ಲಿ ಪೈಂಟಿನ ಅಂಗಡಿಗೆ ಹೋದವರು ‘ಗ್ರೇಜ್’ ಎಂಬ ಹೆಸರನ್ನು ಕೇಳಿರಬಹುದು. ಇಂಗ್ಲಿಷಿನಲ್ಲಿ ಬೂದು ಬಣ್ಣಕ್ಕೆ ಗ್ರೇ ಎಂದೂ ನಾವು ಬಿಸ್ಕತ್ತಿನ ಬಣ್ಣವೆನ್ನುವುದಕ್ಕೆ ಬೇಜ್ ಎಂದೂ ಹೆಸರು. ಇವೆರಡೂ ಕೂಡಿದುದೇ ಗ್ರೇಜ್. ಆದರೆ ಈ ಶಬ್ದಕ್ಕೆ ಇನ್ನೊಂದು ಹಳೆಯ ಸಂಬಂಧವೂ ಉಂಟು. ಬಟ್ಟೆಯ ಗಿರಣಿಗಳಲ್ಲಿ ಮಗ್ಗದಿಂದ ಇಳಿದ, ಇನ್ನೂ ಬಿಳುಪು ಮಾಡದ, ಬಣ್ಣ ಹಾಕದ ಬಟ್ಟೆಗೆ ಬಹುಕಾಲದಿಂದ ಇದೇ ಹೆಸರಿದೆ. ಹಸಿ ರೇಶ್ಮೆಯನ್ನು ಹೇಳುವ ಫ್ರೆಂಚ್ ಮಾತಿನಿಂದ ಅದು ಬಂದುದು. ಅಂತಹ ಬಟ್ಟೆಯನ್ನು ನಾವು ಕೋರಾ ಬಟ್ಟೆ ಎನ್ನುತ್ತೇವೆ. ಆದುದರಿಂದ ಈ ಬಣ್ಣವನ್ನು ಕೋರಾ ಬಣ್ಣವೆಂದು ಕರೆದರೆ ತಪ್ಪಾಗಲಾರದು. ಅಡಕೆಯ ತೋಟವಿರುವ ನಮ್ಮವರಿಗೆ ಇನ್ನೂ ಸುಲಭವಾದ ಗುರುತೊಂದಿದೆ. ಒಣಗಿದ ಅಡಕೆ ಹಾಳೆಯ ಒಳಮೈಯನ್ನು ನೋಡಿರಿ. ಅದರ ಮೇಲೆ ಒಲೆಯ ಬೂದಿಯನ್ನು ತೆಳ್ಳಗೆ ಉದುರಿಸಿದರೆ ಯಾವ ಛಾಯೆ ಬರುವುದೋ ಅದೇ ಇದು.

ನಮ್ಮ ಊರಿನ ಒಂದು ಮನೆಯಲ್ಲಿ ಈ ಬಣ್ಣದ ವಿಷಯವಾಗಿ ಮೊನ್ನೆಯ ಚಳಿಗಾಲದಲ್ಲಿ ದೊಡ್ಡ ಜಿಜ್ಞಾಸೆಯೇ ನಡೆಯಿತು. ಆ ಮನೆಯ ಅಡುಗೆಮನೆಯ ಗೋಡೆ ಬಿಳಿ, ಕಪಾಟುಗಳೂ ಬಿಳಿ, ನೆಲ ಮಾತ್ರ ಹಳೆಯ ಕಾಲದ ಕೆಂಪು ಕಾವಿ ನೆಲ. ಎಪ್ಪತ್ತು ದಾಟಿದ ಅಜ್ಜಿಗೆ ದೃಷ್ಟಿ ಮಂದವಾಗಿದೆ. ತೆರೆದಿಟ್ಟ ಮೇಲಿನ ಕಪಾಟಿನ ಬಾಗಿಲು ಕಾಣದೆ ಎರಡು ಸಲ ಹಣೆಗೆ ಪೆಟ್ಟು ಮಾಡಿಕೊಂಡರು. ಅಮ್ಮ ಇನ್ನು ಅಡುಗೆಮನೆಗೆ ಬರುವುದೇ ಬೇಡವೆಂದು ಮಗ ಹೇಳಿಬಿಟ್ಟರು. ಐವತ್ತು ವರ್ಷ ತನ್ನದಾಗಿದ್ದ ಕೋಣೆಯ ಹೊಸ್ತಿಲಿನ ಹೊರಗೆ ಕುಳಿತುಕೊಳ್ಳಬೇಕಾಗಿ ಬಂದ ಆ ಹಿರಿಯರ ಸಂಕಟವನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. ಆಗ ಸೊಸೆ ಒಂದು ಉಪಾಯ ಹೇಳಿದರು. “ಅತ್ತೆ, ಕಪಾಟಿಗೆ ಕೋರಾ ಬಣ್ಣ ಬಳಿಸುವ, ಬಾಗಿಲು ಕಾಣುತ್ತದೆ” ಎಂದರು. ಅಜ್ಜಿ ಒಪ್ಪಲಿಲ್ಲ. “ಅನ್ನ ಬೇಯಿಸುವ ಕೋಣೆಗೆ ಬೂದಿಯ ಬಣ್ಣವೆ? ನೀವಾದರೂ ಹೇಳಿ ಮಾಷ್ಟ್ರೇ” ಎಂದು ನಮ್ಮನ್ನು ಕೇಳಿದರು.

ಅಧ್ಯಾಪಕ ತರಬೇತಿಯ ಕಾಲದಲ್ಲಿ ನಮಗೆ ಕಲಿಸಿದ ಮೊದಲ ಪಾಠಗಳಲ್ಲಿ ಕರಿಹಲಗೆಯದೂ ಒಂದು. ಹಲಗೆಯ ಮೇಲಿನ ಅಕ್ಷರ ಕೊನೆಯ ಬೆಂಚಿನ ಮಗುವಿಗೂ ಕಾಣಬೇಕಾದರೆ ಅಕ್ಷರಕ್ಕೂ ಹಲಗೆಗೂ ನಡುವೆ ಬೆಳಕಿನ ಅಂತರವಿರತಕ್ಕದ್ದು. ಬಣ್ಣ ಬೇರೆಯಾದರೆ ಸಾಲದು. ಹಸುರು ಹಲಗೆಯ ಮೇಲೆ ಕಡು ಕೆಂಪು ಸೀಮೆಸುಣ್ಣದಿಂದ ಬರೆದರೆ ಎರಡೂ ಬೇರೆ ಬಣ್ಣಗಳೇ, ಆದರೂ ದೂರದವನಿಗೆ ಕಾಣದು. ಕಪಾಟಿಗೂ ಗೋಡೆಗೂ ಇದೇ ನಿಯಮ ಸಲ್ಲುತ್ತದೆ. ಒಂದು ಬಣ್ಣ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಎಷ್ಟನ್ನು ಹಿಂದಕ್ಕೆ ಕೊಡುತ್ತದೆ ಎಂಬುದಕ್ಕೆ ಕಡು ಕಪ್ಪಿಗೆ 0, ಶುದ್ಧ ಬಿಳಿಗೆ 100 ಎಂದು ಅಂಕ ಕೊಡುವ ಕ್ರಮವಿದೆ. ಕೆಲವು ಕಂಪೆನಿಗಳ ಬಣ್ಣದ ಪುಸ್ತಕಗಳಲ್ಲಿ ಈ ಅಂಕ ಅಚ್ಚಾಗಿರುತ್ತದೆ. ದೃಷ್ಟಿ ಮಂದವಾದವರಿಗಾಗಿ ಬ್ರಿಟನ್ನಿನ ಕಟ್ಟಡಗಳ ಮಾರ್ಗಸೂಚಿಯು ಅಕ್ಕಪಕ್ಕದ ಎರಡು ಮೈಗಳ ನಡುವೆ 30 ಅಂಕಗಳ ಅಂತರವನ್ನು ಹೇಳುತ್ತದೆ. ಬಿಳಿಯ ಗೋಡೆಗೆ ಸುಮಾರು 85 ಇದ್ದರೆ ಕಪಾಟಿಗೆ 55ಕ್ಕಿಂತ ಮೇಲಿನದು ಬೇಡ. ಕೋರಾ ಬಣ್ಣದ ಛಾಯೆಗಳಲ್ಲಿ ತಿಳಿಯಾದವು 65ರ ಆಸುಪಾಸಿನಲ್ಲಿಯೂ ಗಾಢವಾದವು 50ಕ್ಕಿಂತ ಕೆಳಗೂ ಇರುತ್ತವೆ. ಹೆಸರು ಒಂದೇ, ಪ್ರಯೋಜನ ಬೇರೆ. ಅಂಕ ಸಿಕ್ಕದಿದ್ದರೆ ಮೊಬೈಲಿನಲ್ಲಿ ಗೋಡೆ ಮತ್ತು ಬಣ್ಣದ ಹಲಗೆಯನ್ನು ಒಟ್ಟಿಗೆ ಚಿತ್ರ ತೆಗೆದು ಕಪ್ಪು-ಬಿಳುಪಿಗೆ ತಿರುಗಿಸಿ ನೋಡಬಹುದು. ಎರಡೂ ಒಂದೇ ತೆರನಾಗಿ ಕಂಡರೆ ಆ ಬಣ್ಣ ಅಜ್ಜಿಯ ಹಣೆಯನ್ನು ಕಾಯಲಾರದು.

ಇನ್ನು ‘ಬೆಚ್ಚಗಿನ’ ಬೂದು ಏಕೆ, ತಣ್ಣಗಿನ ನೀಲಿಬೂದು ಏಕಾಗಬಾರದು ಎಂಬ ಪ್ರಶ್ನೆ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ. ನೀಲಿಯ ಕಿರಣಗಳನ್ನು ಅದು ತಡೆಹಿಡಿಯುತ್ತದೆ. ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹಿರಿಯರು ‘ಬಿಳಿ ಈಗ ಇಷ್ಟು ಬಿಳಿಯಾಗಿ ಕಾಣುತ್ತದಲ್ಲ’ ಎಂದು ಬೆರಗಾಗುವುದು ಇದರಿಂದಲೇ. ನೀಲಿಬೂದಿನ ಸೊಬಗು ಮುದಿಗಣ್ಣಿಗೆ ತಲುಪುವುದೇ ಇಲ್ಲ. ಅದು ಬರಿಯ ಮಂಕಾಗಿ ಉಳಿಯುತ್ತದೆ. ಅದಲ್ಲದೆ ನಮ್ಮ ಕಡೆಯ ಅಡುಗೆಮನೆಯಲ್ಲಿ ಎಣ್ಣೆಯ ಹಬೆ ಇದೆ, ಅನೇಕ ಮನೆಗಳಲ್ಲಿ ಗ್ಯಾಸಿನ ಪಕ್ಕದಲ್ಲಿ ಸೌದೆಯ ಒಲೆಯೂ ಉಳಿದಿದೆ. ಎಣ್ಣೆಯ ಆಧಾರದ ಬಿಳಿ ಎನಾಮೆಲು ಬೆಳಕು ತಾಗದ ಮೂಲೆಗಳಲ್ಲಿ ತಾನಾಗಿಯೇ ಹಳದಿಗಟ್ಟುತ್ತದೆ. ಬಿಳಿಯಲ್ಲಿಯೂ ನೀಲಿಬೂದಿನಲ್ಲಿಯೂ ಈ ಹಳದಿ ಕೊಳೆಯಾಗಿ ಕಾಣುತ್ತದೆ; ಕೋರಾ ಬಣ್ಣದಲ್ಲಿ ಮೊದಲೇ ಸ್ವಲ್ಪ ಹಳದಿ ಇರುವುದರಿಂದ ಅದರೊಳಗೆ ಅಡಗಿಹೋಗುತ್ತದೆ.

ಕೋರಾ ಬಣ್ಣವೆಂದರೆ ಒಂದೇ ಬಣ್ಣವಲ್ಲ. ಪ್ರತಿಯೊಂದರ ತಳದಲ್ಲಿಯೂ ಇನ್ನೊಂದು ಬಣ್ಣದ ಎಳೆ ಇರುತ್ತದೆ. ಕೆಲವಕ್ಕೆ ಹಸುರಿನದು, ಕೆಲವಕ್ಕೆ ನಸುಗೆಂಪಿನದು, ಕೆಲವಕ್ಕೆ ನೇರಳೆಯದು, ಕೆಲವಕ್ಕೆ ಹಳದಿಯದು. ಒಂದನ್ನೇ ಹಿಡಿದು ನೋಡಿದರೆ ಇದು ಗೊತ್ತಾಗದು. ನಾಲ್ಕೈದು ಛಾಯೆಗಳನ್ನು ಬಿಳಿಯ ಕಾಗದದ ಮೇಲೆ ಸಾಲಾಗಿ ಇಟ್ಟರೆ ಒಂದರ ಪಕ್ಕದಲ್ಲಿ ಇನ್ನೊಂದರ ಗುಟ್ಟು ಹೊರಬೀಳುತ್ತದೆ.

ಪಕ್ಕದ ಬಣ್ಣವು ಬಣ್ಣವನ್ನು ಬದಲಾಯಿಸುತ್ತದೆ ಎಂಬುದನ್ನು ಶಾಸ್ತ್ರೀಯವಾಗಿ ವಿವರಿಸಿದವರು ಶೆವ್ರಲ್ ಎಂಬ ಫ್ರೆಂಚ್ ರಸಾಯನ ವಿಜ್ಞಾನಿ. ಪ್ಯಾರಿಸಿನ ಗೋಬ್ಲಾ ನೇಯ್ಗೆಶಾಲೆಯ ಬಣ್ಣದ ವಿಭಾಗಕ್ಕೆ ಅವರು 1824ರಲ್ಲಿ ಮುಖ್ಯಸ್ಥರಾದರು. ಅಲ್ಲಿಯ ಕಪ್ಪು ದಾರ ಕಪ್ಪಾಗಿ ಕಾಣುವುದಿಲ್ಲವೆಂಬ ದೂರನ್ನು ಪರೀಕ್ಷಿಸಿದಾಗ, ದೋಷ ದಾರದ ಬಣ್ಣದಲ್ಲಿಲ್ಲ, ಪಕ್ಕದಲ್ಲಿ ನೇಯ್ದ ದಾರಗಳಿಂದ ಅದು ಹಾಗೆ ತೋರುತ್ತದೆ ಎಂದು ಅವರು ಕಂಡುಕೊಂಡರು. 1839ರಲ್ಲಿ ಆ ವಿಷಯವಾಗಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ಕೆಂಪಿನ ಪಕ್ಕದಲ್ಲಿಟ್ಟ ಬೂದು ನಮ್ಮ ಕಣ್ಣಿಗೆ ಹಸುರಿನ ಕಡೆಗೆ ವಾಲುತ್ತದೆ. ಕೆಂಪು ನೆಲವಿರುವ ಮನೆಗಳಿಗೆ ಇದು ಮುಖ್ಯವಾದ ಮಾತು. ಹಸುರಿನ ಎಳೆಯಿರುವ ಕೋರಾ ಬಣ್ಣವನ್ನು ಅಲ್ಲಿ ಬಳಿದರೆ ಹಾವಸೆ ಹಿಡಿದ ಗೋಡೆಯನ್ನು ನೋಡಿದಂತಾದೀತು. ಜೊತೆಗೆ ಕಿಟಕಿ ಅಡಕೆ ತೋಟಕ್ಕೆ ತೆರೆದಿದ್ದರೆ ಒಳಗೆ ಬರುವ ಬೆಳಕೇ ಸೋಗೆಗಳ ನಡುವಿನಿಂದ ಸೋಸಿ ಬಂದು ಹಸುರಾಗಿರುತ್ತದೆ. ಇನ್ನೊಂದು ಕಡೆಯಿಂದ, ಕೆಂಪು ನೆಲಕ್ಕೆ ಬಿಸಿಲು ಬಿದ್ದಾಗ ಅದರ ಕೆಂಪು ಪ್ರತಿಫಲಿಸಿ ಕೆಳಗಿನ ಕಪಾಟುಗಳಿಗೆ ತಾಗುತ್ತದೆ. ಒಂದು ಹಸುರಿಗೆ ಎಳೆಯುತ್ತದೆ, ಇನ್ನೊಂದು ಕೆಂಪಿಗೆ ಎಳೆಯುತ್ತದೆ. ಯಾವುದು ಗೆಲ್ಲುವುದೆಂದು ಅಂಗಡಿಯಲ್ಲಿ ನಿಂತು ಹೇಳಲು ಯಾರಿಂದಲೂ ಸಾಧ್ಯವಿಲ್ಲ. ಅಡುಗೆಮನೆಯಲ್ಲಿಯೇ ನೋಡಬೇಕು.

ನೋಡುವ ಕ್ರಮ ಹೀಗೆ. ಮೂರು ಛಾಯೆಗಳನ್ನು ಆರಿಸಿ ಅತಿ ಚಿಕ್ಕ ಡಬ್ಬಿಗಳನ್ನು ತರತಕ್ಕದ್ದು. ಎರಡಡಿ ಉದ್ದದ ಮೂರು ಪ್ಲೈವುಡ್ ತುಂಡುಗಳಿಗೆ ಎರಡೆರಡು ಸಲ ಬಳಿದು ಚೆನ್ನಾಗಿ ಒಣಗಿಸಬೇಕು. ಹಲಗೆಗಳನ್ನು ಮೇಜಿನ ಮೇಲೆ ಮಲಗಿಸಿ ನೋಡಬಾರದು. ಕಪಾಟಿನ ಬಾಗಿಲಿನಂತೆ ನೆಟ್ಟಗೆ ನಿಲ್ಲಿಸಬೇಕು. ಮುಂಜಾನೆ, ನಡುಹಗಲು, ಸಂಜೆ, ದೀಪ ಹಚ್ಚಿದ ಮೇಲೆ, ಹೀಗೆ ನಾಲ್ಕು ಹೊತ್ತು ಎರಡು ಮೂರು ದಿನ ನೋಡಬೇಕು. ಮೋಡ ಕವಿದ ದಿನವೊಂದು ಸಿಕ್ಕಿದರೆ ಬಿಡಬಾರದು. ನಮ್ಮ ಕರಾವಳಿಯಲ್ಲಿ ಜೂನಿನಿಂದ ಸೆಪ್ಟೆಂಬರದವರೆಗಿನ ಬೆಳಕು ಅಂತಹುದೇ.

ನಾವು ಹೇಳಿದ ಮನೆಯಲ್ಲಿ ಹೀಗೆ ಮಾಡಿದಾಗ ಒಂದು ಸ್ವಾರಸ್ಯ ಬಯಲಾಯಿತು. ಹಗಲು ಹಾಳೆಯಂತೆ ಹಿತವಾಗಿದ್ದ ಹಲಗೆ ರಾತ್ರಿ ಸುಡುಬೂದಿಯಂತೆ ಕಂಡಿತು. ಕಾರಣ ಬಣ್ಣವಲ್ಲ, ದೀಪ. ಅಲ್ಲಿ ಇದ್ದುದು 6500 ಕೆಲ್ವಿನ್ನಿನ ನೀಲಿಬಿಳಿ ಎಲ್‌ಇಡಿ. ದೀಪದ ಡಬ್ಬಿಯ ಮೇಲೆ ಈ ಸಂಖ್ಯೆ ಬರೆದಿರುತ್ತದೆ. 2700ರಿಂದ 3000ದವರೆಗಿನದು ಹಳದಿಯ ಬೆಚ್ಚಗಿನ ಬೆಳಕು, 4000 ಮಧ್ಯಮ, 6500 ತಣ್ಣಗಿನದು. ಬಣ್ಣಗಳನ್ನು ದೀಪ ಎಷ್ಟು ನಿಜವಾಗಿ ತೋರಿಸುತ್ತದೆಂಬುದಕ್ಕೆ ಬೇರೆ ಅಂಕವಿದೆ; ಅದು 100ಕ್ಕೆ 80 ಇದ್ದರೆ ಸಾಧಾರಣ, 90 ದಾಟಿದರೆ ಉತ್ತಮ. ದೀಪವನ್ನು 4000ಕ್ಕೆ ಬದಲಾಯಿಸಿದ ರಾತ್ರಿಯೇ ಅಜ್ಜಿಯ ಆಕ್ಷೇಪ ಅರ್ಧ ಇಳಿಯಿತು. ಮೊದಲು ದೀಪ, ಆಮೇಲೆ ಬಣ್ಣ ಎಂಬ ಕ್ರಮವನ್ನು ಎಲ್ಲರೂ ಅನುಸರಿಸುವುದು ಒಳ್ಳೆಯದು. ಬಣ್ಣಕ್ಕಿಂತ ದೀಪ ಅಗ್ಗವೂ ಹೌದು.

ಬಣ್ಣವನ್ನು ಆರಿಸುವವರು ಯಾರು ಎಂಬ ವಿಷಯದಲ್ಲಿ ನಾವು ಒಂದು ಸಲಹೆ ಕೊಟ್ಟೆವು. ಯಾರ ಕಣ್ಣಿಗಾಗಿ ಈ ಖರ್ಚೋ ಅವರೇ ಒಲೆಯ ಮುಂದೆ ನಿಂತು ಆರಿಸಲಿ ಎಂದೆವು. ಮುಂಜಾನೆ ಐದು ಗಂಟೆಗೆ ಸೊಸೆ ಮೂರು ಹಲಗೆಗಳನ್ನೂ ಮೇಲಿನ ಕಪಾಟಿನ ಎತ್ತರದಲ್ಲಿ ಒಂದೊಂದಾಗಿ ಹಿಡಿದರು. ತಿಳಿಯಾದುದು ಅಜ್ಜಿಗೆ ಗೋಡೆಯೊಳಗೆ ಕರಗಿಹೋಯಿತು. ಹಸುರಿನ ಎಳೆಯದನ್ನು ‘ಪಾಚಿ’ ಎಂದು ತಳ್ಳಿದರು. ನಸುಗೆಂಪಿನ ಎಳೆಯ, ಸ್ವಲ್ಪ ಗಾಢವಾದ ಮೂರನೆಯದರ ಅಂಚನ್ನು ಬೆರಳಿಟ್ಟು ತೋರಿಸಿದರು. “ಇದು ಬೂದಿಯಲ್ಲ, ಹಾಳೆ” ಎಂದರಂತೆ.

ಬಳಿಯುವ ಮೊದಲು ಒಂದು ಎಚ್ಚರಿಕೆಯ ಮಾತನ್ನು ಹೇಳದೆ ಇರಲಾರೆವು. ಹಳೆಯ ಎನಾಮೆಲು ಬಣ್ಣಗಳಲ್ಲಿ ಸೀಸ ಸೇರಿರುವ ಸಂಭವವುಂಟು. ಗೃಹಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಪಾಲಿಗೆ 90 ಪಾಲನ್ನು ಮೀರಕೂಡದೆಂದು ಕೇಂದ್ರ ಸರಕಾರ 2016ರಲ್ಲಿ ನಿಯಮ ಮಾಡಿತು; 2017ರ ನವೆಂಬರಿನಿಂದ ಅದು ಜಾರಿಗೆ ಬಂದಿತು. ಅದಕ್ಕಿಂತ ಹಿಂದೆ ಬಳಿದ ಕಪಾಟನ್ನು ಒಣ ಉಜ್ಜುಕಾಗದದಿಂದ ತಿಕ್ಕಿದರೆ ಏಳುವ ಧೂಳು ನೆಲಕ್ಕೆ, ಪಾತ್ರೆಗೆ, ಅಂಬೆಗಾಲಿಡುವ ಮಗುವಿನ ಕೈಗೆ, ಕೈಯಿಂದ ಬಾಯಿಗೆ ಹೋಗುತ್ತದೆ. ಮಕ್ಕಳ ಮಟ್ಟಿಗೆ ಸೀಸದ ಅಪಾಯವಿಲ್ಲದ ಪ್ರಮಾಣವೆಂಬುದು ಯಾವುದೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಬುದ್ಧಿಯ ಬೆಳವಣಿಗೆಗೇ ಕುಂದು ತರುವ ವಿಷ. ಹಳೆಯ ಬಣ್ಣ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಅದನ್ನು ಕೆರೆಯದಿರುವುದೇ ಲೇಸು. ನೀರು ತಾಗಿಸಿ, ಒದ್ದೆ ಮಾಡಿಯೇ ಮೇಲ್ಮೈಯನ್ನು ಹದವಾಗಿ ಉಜ್ಜತಕ್ಕದ್ದು. ಮಕ್ಕಳನ್ನೂ ಗರ್ಭಿಣಿಯರನ್ನೂ ಆ ದಿನಗಳಲ್ಲಿ ದೂರವಿರಿಸಿ, ಬಿದ್ದುದನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರಸಿ ತೆಗೆಯಬೇಕು. ಕೆಲಸದವನು ಮೂಗುಬಾಯಿಗೆ ಸರಿಯಾದ ಮುಸುಕು ಹಾಕಿಕೊಳ್ಳುವಂತೆ ನೋಡುವುದೂ ಮನೆಯವರ ಹೊಣೆಯೇ.

ಉಳಿದುದು ಸಣ್ಣ ವಿವರಗಳು. ಕಪಾಟಿನ ಜಿಡ್ಡನ್ನು ವಾಷಿಂಗ್ ಸೋಡಾ ಬೆರೆಸಿದ ಬಿಸಿನೀರಿನಿಂದ ತೊಳೆದು, ಸೋಡಾದ ಅಂಶ ಹೋಗುವಂತೆ ಶುದ್ಧ ನೀರಿನಿಂದ ಒರಸಿ, ಪೂರ್ಣ ಒಣಗಿದ ಮೇಲೆಯೇ ಪ್ರೈಮರ್ ಹಚ್ಚಬೇಕು. ಜಿಡ್ಡಿನ ಮೇಲೆ ಯಾವ ಬಣ್ಣವೂ ನಿಲ್ಲದು. ಕನ್ನಡಿಯಂತೆ ಹೊಳೆಯುವ ಬಣ್ಣ ದೀಪವನ್ನು ಪ್ರತಿಬಿಂಬಿಸಿ ಮಂದಗಣ್ಣನ್ನು ಕುಕ್ಕುತ್ತದೆ. ಹೊಳಪೇ ಇಲ್ಲದುದರಿಂದ ಎಣ್ಣೆಯ ಕಲೆ ಬಿಡದು. ನಡುವಿನ ಸಾಟಿನ್ ಹೊಳಪು ಯೋಗ್ಯ. ಬೇಕಾದ ಡಬ್ಬಿಗಳನ್ನೆಲ್ಲ ಒಂದೇ ಸಲ ತಂದು ಒಂದೇ ಬಕೆಟ್ಟಿನಲ್ಲಿ ಬೆರೆಸಿಕೊಂಡರೆ ಬಾಗಿಲಿನಿಂದ ಬಾಗಿಲಿಗೆ ಛಾಯೆ ಬದಲಾಗದು. ಎನಾಮೆಲು ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುವಂತಹುದು. ತೇವದ ಹವೆಯಲ್ಲಿ ಅದು ನಿಧಾನವಾಗುತ್ತದೆ. ಆದುದರಿಂದ ದೀಪಾವಳಿ ಕಳೆದು ಬಿಸಿಲು ಗಟ್ಟಿಯಾದ ಮೇಲೆ ಈ ಕೆಲಸಕ್ಕೆ ಕೈಹಚ್ಚಬೇಕು. ಬಾಗಿಲುಗಳ ಅಂಚಿಗೆ ಮಾತ್ರ ಅದೇ ಬಣ್ಣದ ಇನ್ನೂ ಗಾಢವಾದ ಛಾಯೆಯನ್ನು ಬಳಿದು, ಹಿಡಿಗಳನ್ನು ಕಪ್ಪು ಮರದ್ದೋ ಕಂದು ಬಣ್ಣದ್ದೋ ಹಾಕಿಸಿದರೆ ತೆರೆದ ಬಾಗಿಲು ಬೇಗನೆ ಕಣ್ಣಿಗೆ ಬೀಳುತ್ತದೆ.

ಆ ಮನೆಯಲ್ಲಿ ಜನವರಿಯಲ್ಲಿ ಕೆಲಸ ಮುಗಿಯಿತು. ಅಜ್ಜಿ ಈಗ ಬೆಳಗ್ಗಿನ ಗಂಜಿಯನ್ನು ತಾವೇ ಬೇಯಿಸುತ್ತಾರೆ; ಕತ್ತಿಯ ಕೆಲಸವನ್ನು ಸೊಸೆಗೆ ಬಿಟ್ಟಿದ್ದಾರೆ. ಮಗ ಪ್ರತಿ ಆರು ತಿಂಗಳಿಗೊಮ್ಮೆ ತಾಯಿಯನ್ನು ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯುವುದೆಂದು ನಿಶ್ಚಯಿಸಿದ್ದಾರೆ. ಬಣ್ಣದಿಂದ ದೃಷ್ಟಿ ಮರಳಿ ಬಾರದಷ್ಟೆ. ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ: ಮುಂದಿನ ಸಲ ನಿಮ್ಮ ಮನೆಗೆ ಬಣ್ಣ ಬಳಿಸುವಾಗ ಮನೆಯ ಅತ್ಯಂತ ಹಿರಿಯರನ್ನು ಒಲೆಯ ಮುಂದೆ ನಿಲ್ಲಿಸಿ, ಅವರಿಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲವೆಂದು ಕೇಳಿರಿ. ಅಂಗಡಿಗೆ ಹೋಗುವುದು ಅದಾದ ಮೇಲೆ.