ವಿಮಾನ ಇಳಿದ ಕೂಡಲೇ ನಾವು ಬೆಲ್ಟ್ ಬಿಚ್ಚುವುದೇಕೆ?

ಕಳೆದ ರಜೆಯಲ್ಲಿ ನಾನು ಮಂಗಳೂರಿಗೆ ಹೋಗುವ ಮೊದಲು ಶಾರ್ಜಾದಿಂದ ನೇರ ಕೊಯಮತ್ತೂರಿಗೆ ಬಂದಿಳಿದೆ. ತಂಗಿಯ ಗಂಡನಿಗೆ ಧಾರಾಪುರಂನಲ್ಲಿ ಅಂಗಡಿ. ಉಮ್ಮನೂ ಆಗ ಅಲ್ಲೇ ಇದ್ದರು. ಭಾವ ಕಾರು ತಂದಿದ್ದರು. ಮುಂದಿನ ಸೀಟಿನಲ್ಲಿ ಕೂತವನೇ ಅಭ್ಯಾಸದಂತೆ ಬೆಲ್ಟ್ ಎಳೆದು ಹಾಕಿದೆ.

"ಅದೆಂತಕ್ಕೆ ಭಾವ? ಇದು ನಿಮ್ಮ ದುಬೈ ಅಲ್ಲ. ಪಲ್ಲಡಂ ದಾಟಿದ ಮೇಲೆ ಯಾರೂ ಕೇಳುವುದಿಲ್ಲ" ಅಂದರು.

ನಾನು ನಕ್ಕೆ. ಪಲ್ಲಡಂ ದಾಟಿದ ಮೇಲೆ ಬೆಲ್ಟ್ ಬಿಚ್ಚಿಯೂ ಬಿಟ್ಟೆ.

ಹದಿನೈದು ವರ್ಷ ದುಬೈಯಲ್ಲಿ ಗಾಡಿ ಓಡಿಸಿದವನು ನಾನು. ಅಲ್ಲಿ ಒಂದು ದಿನವೂ ಬೆಲ್ಟ್ ಇಲ್ಲದೆ ಕೂತವನಲ್ಲ. ಇಲ್ಲಿ ಅರ್ಧ ಗಂಟೆ ತಡೆಯಲಿಲ್ಲ. ತಪ್ಪು ಭಾವನದ್ದು ಅಂತ ಹೇಳಿ ಜಾರಿಕೊಳ್ಳಲು ನನ್ನಿಂದ ಆಗುವುದಿಲ್ಲ.

ಅದೇ ರಾತ್ರಿ ಊಟಕ್ಕೆ ಕೂತಿದ್ದಾಗ ಊರಿಂದ ಫೋನ್ ಬಂತು. ಕುಟುಂಬದ ಹದಿನಾರು ವರ್ಷದ ಹುಡುಗನೊಬ್ಬ ಬೈಕಿನಲ್ಲಿ ಇನ್ನಿಬ್ಬರನ್ನು ಕೂರಿಸಿಕೊಂಡು ಹೋಗುವಾಗ ಸಿಕ್ಕಿಬಿದ್ದಿದ್ದ. ಹೆಲ್ಮೆಟ್ ಇಲ್ಲ, ಲೈಸೆನ್ಸಿನ ಮಾತೇ ಇಲ್ಲ. ನಮ್ಮಲ್ಲೊಬ್ಬರು ಪರಿಚಯದ ಲೀಡರ್‌ಗೆ ಫೋನ್ ಮಾಡಿದರು. ಇಪ್ಪತ್ತು ನಿಮಿಷದಲ್ಲಿ ಹುಡುಗ ಮನೆ ಸೇರಿದ. ಫೋನ್ ಕೆಳಗಿಟ್ಟ ಅದೇ ವ್ಯಕ್ತಿ ನನ್ನ ಕಡೆ ತಿರುಗಿ, "ಇಲ್ಲಿಗೆ ಗಲ್ಫ್‌ನ ಪೊಲೀಸರು ಬರಬೇಕು. ನಾಲ್ಕು ಬಿದ್ದರೆ ಎಲ್ಲ ಸರಿಯಾಗ್ತದೆ" ಅಂದರು.

ಈ ಮಾತನ್ನು ನಾವು ಎಷ್ಟು ಮದುವೆ ಮನೆಗಳಲ್ಲಿ, ಎಷ್ಟು ಜಗಲಿಗಳಲ್ಲಿ ಕೇಳಿಲ್ಲ? ನಾನೂ ಹೇಳಿದ್ದೇನೆ. ಈಗ ಅನಿಸುತ್ತದೆ, ಇದು ಸುಳ್ಳು ಮಾತು, ನಮಗಂತೂ ಅಪಾಯದ ಮಾತು.

ಮೊದಲು ಸುಳ್ಳು ಹೇಗೆ ಅಂತ ನೋಡೋಣ. ದುಬೈಯಲ್ಲಿ ನನ್ನನ್ನು ಸರಿದಾರಿಯಲ್ಲಿ ಇಟ್ಟದ್ದು ಪೊಲೀಸರ ಏಟಲ್ಲ. ದಂಡ ಕಟ್ಟಿದ್ದೇನೆ, ಆದರೆ ಏಟು ತಿಂದಿಲ್ಲ. ಎಷ್ಟೋ ಸಲ ಪೊಲೀಸರ ಮುಖವನ್ನೂ ನೋಡಲಿಲ್ಲ. ಕ್ಯಾಮೆರಾ ಹಿಡಿಯಿತು, ಮೊಬೈಲಿಗೆ ಮೆಸೇಜ್ ಬಂತು, ಅಷ್ಟೇ. 2017ರ ಜುಲೈಯಲ್ಲಿ ಜಾರಿಗೆ ಬಂದ ಯುಎಇ ನಿಯಮದಲ್ಲಿ ಬೆಲ್ಟ್ ಹಾಕದಿದ್ದರೆ 400 ದಿರ್ಹಂ ಮತ್ತು 4 ಕಪ್ಪು ಅಂಕ. ಕೆಂಪು ಸಿಗ್ನಲ್ ಹಾರಿದರೆ 1000 ದಿರ್ಹಂ, 12 ಕಪ್ಪು ಅಂಕ, 30 ದಿನ ಗಾಡಿ ಜಪ್ತಿ. ಅಂಕ 24 ಆದರೆ ಲೈಸೆನ್ಸ್ ಅಮಾನತು. ದಂಡ ತೀರಿಸದೆ ಮುಲ್ಕಿಯಾ ನವೀಕರಣ ಆಗುವುದಿಲ್ಲ. ಆ ಕ್ಯಾಮೆರಾಕ್ಕೆ ಫೋನ್ ಮಾಡಿ "ಇವ ನಮ್ಮ ಹುಡುಗ, ಸ್ವಲ್ಪ ನೋಡಿ" ಅನ್ನಲು ಬರುವುದಿಲ್ಲ. ದೊಡ್ಡ ಗುಟ್ಟೇನೂ ಇಲ್ಲ, ಇದೇ ಅದರ ಗುಟ್ಟು.

ನಮ್ಮ ಕಾನೂನೇನೂ ಮೆತ್ತಗಿಲ್ಲ. 2019ರ ಸೆಪ್ಟೆಂಬರ್ 1ರಿಂದ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂತು. ಬೆಲ್ಟ್ ಇಲ್ಲದಿದ್ದರೆ 100 ರೂಪಾಯಿ ಇದ್ದ ದಂಡ 1000 ಆಯಿತು. ಲೈಸೆನ್ಸ್ ಇಲ್ಲದೆ ಓಡಿಸಿದರೆ 500 ಇದ್ದದ್ದು 5000. ಮಕ್ಕಳ ಕೈಗೆ ಗಾಡಿ ಕೊಟ್ಟ ಹೆತ್ತವರಿಗೆ ಅಥವಾ ಮಾಲಿಕನಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಇಷ್ಟು ಕಠಿಣ ಕಾನೂನು ಕೈಯಲ್ಲಿದ್ದೂ ಆ ರಾತ್ರಿ ಒಂದು ಫೋನಿಗೆ ಹುಡುಗ ಮನೆಗೆ ಬಂದ. ಕಾನೂನು ಸೋತದ್ದು ಮೆತ್ತಗಿದ್ದುದರಿಂದ ಅಲ್ಲ, ನಮ್ಮ ಫೋನಿನಿಂದ.

ಜನ ಕಾನೂನಿಗೆ ಬಗ್ಗುವುದು ಶಿಕ್ಷೆ ದೊಡ್ಡದು ಅಂತ ಅಲ್ಲ, ಶಿಕ್ಷೆ ತಪ್ಪುವುದಿಲ್ಲ ಅಂತ. ನೂರರಲ್ಲಿ ಒಬ್ಬನಿಗೆ 5000 ಹಾಕಿದರೆ ಉಳಿದ ತೊಂಬತ್ತೊಂಬತ್ತು ಮಂದಿ ಅವನ ಗ್ರಹಚಾರ ಅಂತಾರೆ. ನೂರಕ್ಕೆ ನೂರು ಮಂದಿಗೂ 500 ಬಿದ್ದರೆ ಮರುದಿನ ಎಲ್ಲರ ತಲೆಯಲ್ಲೂ ಹೆಲ್ಮೆಟ್ ಇರುತ್ತದೆ.

ಈಗ ಅಪಾಯದ ವಿಷಯ. "ನಾಲ್ಕು ಬಿದ್ದರೆ ಸರಿಯಾಗ್ತದೆ" ಅನ್ನುವಾಗ ಆ ನಾಲ್ಕು ಬೀಳುವುದು ಯಾರ ಬೆನ್ನಿಗೆ ಅಂತ ಯೋಚಿಸಿದ್ದೇವಾ? ಧಾರಾಪುರಂ ಇರುವ ಇದೇ ತಮಿಳುನಾಡಿನ ಸಾತ್ತಾನ್‌ಕುಳಂನಲ್ಲಿ 2020ರ ಜೂನ್‌ನಲ್ಲಿ ಒಬ್ಬ ಅಂಗಡಿಯವರನ್ನೂ ಅವರ ಮಗನನ್ನೂ ಪೊಲೀಸರು ಹಿಡಿದುಕೊಂಡು ಹೋದರು. ಆರೋಪ ಏನು? ಲಾಕ್‌ಡೌನ್ ಸಮಯ ಮೀರಿ ಅಂಗಡಿ ತೆರೆದಿಟ್ಟದ್ದು. ಠಾಣೆಯ ಏಟು ತಿಂದು ಅಪ್ಪ ಮಗ ಇಬ್ಬರೂ ತೀರಿಕೊಂಡರು. ತನಿಖೆ ಸಿಬಿಐ ಕೈಗೆ ಹೋಯಿತು. ಭಾವನದ್ದೂ ಅಂಗಡಿಯೇ. ಪರಊರಿನಲ್ಲಿ ಅಂಗಡಿ ಇಟ್ಟವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ಇನ್ನು ನಮ್ಮ ಮಂಗಳೂರಿನಲ್ಲಿ 2019ರ ಡಿಸೆಂಬರ್ 19ರಂದು ಗೋಲಿಬಾರಿಗೆ ಇಬ್ಬರು ಬಲಿಯಾದದ್ದನ್ನು ಯಾವ ಬ್ಯಾರಿ ಮನೆ ಮರೆತಿದೆ? ಲಾಠಿಗೆ ಲಗಾಮು ಬೇಡ ಅನ್ನುವ ಮಾತು ಯಾರ ಬಾಯಿಂದ ಬಂದರೂ ನಮ್ಮ ಬಾಯಿಂದ ಬರಬಾರದು.

ಗಲ್ಫ್ ಅನ್ನು ಸ್ವರ್ಗ ಮಾಡುವುದೂ ಬೇಡ. ಅಲ್ಲಿ ನಮ್ಮವರು ಬಾಯಿ ಮುಚ್ಚಿಕೊಂಡಿರುವುದು ಶಿಸ್ತಿನಿಂದ ಮಾತ್ರವಲ್ಲ, ಗಡೀಪಾರಿನ ಭಯದಿಂದಲೂ. ಯುಎಇಯಲ್ಲಿ ಸಂಬಳ ತಡವಾದರೆ ಬೀದಿಗಿಳಿಯುವ ಹಾಗಿಲ್ಲ, ಕಾರ್ಮಿಕ ಸಂಘ ಕಟ್ಟುವ ಹಾಗಿಲ್ಲ. ಇಲ್ಲಿ ಸಂವಿಧಾನದ 22ನೇ ವಿಧಿ ಇದೆ. ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು. ಮನೆಯವರಿಗೆ ತಿಳಿಸಬೇಕೆಂದು ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ನಮಗೆ ಬೇಕಾದದ್ದು ಅಲ್ಲಿನ ತಪ್ಪದ ದಂಡ ಮತ್ತು ಇಲ್ಲಿನ ಈ ಹಕ್ಕು, ಎರಡೂ.

"ಪೊಲೀಸರು ನಮ್ಮ ಹುಡುಗರನ್ನೇ ಹುಡುಕಿ ಹಿಡಿಯುತ್ತಾರೆ, ಫೋನ್ ಮಾಡದೆ ಇನ್ನೇನು ಮಾಡುವುದು?" ಅಂತ ಕೇಳುವವರಿದ್ದಾರೆ. ಆ ನೋವು ಸುಳ್ಳಲ್ಲ. ಆದರೆ ಹೆಲ್ಮೆಟ್ ಹಾಕಿ, ಲೈಸೆನ್ಸ್ ಇಟ್ಟುಕೊಂಡು ಹೋಗುವ ಹುಡುಗನನ್ನು ನಿಲ್ಲಿಸಿದರೆ ನಾವು ಎದೆಯುಬ್ಬಿಸಿ ಪ್ರಶ್ನೆ ಕೇಳಬಹುದು. ತ್ರಿಬಲ್ ರೈಡಿಂಗ್‌ನಲ್ಲಿ ಸಿಕ್ಕಿಬಿದ್ದವನಿಗಾಗಿ ಕೇಳುವುದು ನ್ಯಾಯವಲ್ಲ, ರಿಯಾಯಿತಿ. ಇವತ್ತು ರಿಯಾಯಿತಿ ಕೊಡಿಸಿದ ಲೀಡರ್ ನಾಳೆ ನಮ್ಮ ಮೇಲೆ ಅನ್ಯಾಯ ಆದಾಗ ಬಾಯಿ ಬಿಡುವುದಿಲ್ಲ, ನಮಗೂ ಕೇಳುವ ಮುಖ ಇರುವುದಿಲ್ಲ.

ಮದ್ರಸದಲ್ಲಿ ನಾವೆಲ್ಲ ಕಲಿತ ಒಂದು ಘಟನೆ ಇದೆ. ಮಖ್ಝೂಮ್ ಗೋತ್ರದ ದೊಡ್ಡ ಮನೆತನದ ಹೆಣ್ಣೊಬ್ಬಳು ಕದ್ದಾಗ ಶಿಫಾರಸಿಗೆ ಉಸಾಮರನ್ನು ಕಳಿಸಿದರು. ಪ್ರವಾದಿಯವರಿಗೆ ಸಿಟ್ಟು ಬಂತು. ದೊಡ್ಡವರನ್ನು ಬಿಟ್ಟು ಬಡವರನ್ನು ಮಾತ್ರ ಶಿಕ್ಷಿಸಿದ್ದರಿಂದ ಹಿಂದಿನ ಜನಾಂಗಗಳು ನಾಶವಾದವು, ನನ್ನ ಮಗಳೇ ಆದರೂ ಬಿಡುತ್ತಿರಲಿಲ್ಲ ಎಂಬ ಅರ್ಥದ ಮಾತು ಹೇಳಿದರು. ನಾವು ಈ ಹದೀಸಿನಲ್ಲಿ ಶಿಕ್ಷೆಯನ್ನು ಮಾತ್ರ ನೆನಪಿಟ್ಟೆವು. ಶಿಫಾರಸು ಬೇಡ ಅಂದದ್ದನ್ನು ಮರೆತೆವು.

ಹಾಗಾಗಿ ಪ್ರತಿ ಮನೆಗೂ ನನ್ನ ಬೇಡಿಕೆ ಇಷ್ಟೇ. ಪೆರ್ನಾಲ್ ದಿನವೂ ಹದಿನೆಂಟು ತುಂಬದ ಮಕ್ಕಳ ಕೈಗೆ ಕೀ ಕೊಡಬೇಡಿ. ತಪ್ಪು ಮಾಡಿ ಸಿಕ್ಕಿಬಿದ್ದರೆ ದಂಡ ಕಟ್ಟಿ ರಶೀದಿ ಕೇಳಿ, ಕೈಯೊಳಗೆ ನೋಟು ಇಡಬೇಡಿ. ತಪ್ಪಿಲ್ಲದೆ ಹಿಡಿದರೆ ಲೀಡರ್‌ಗಿಂತ ಮೊದಲು ವಕೀಲರಿಗೆ ಫೋನ್ ಮಾಡಿ. ಜಮಾಅತ್‌ನವರು ವರ್ಷಕ್ಕೊಮ್ಮೆ ಒಬ್ಬ ವಕೀಲರನ್ನು ಕರೆಸಿ ಹುಡುಗರಿಗೆ ಅವರ ಹಕ್ಕನ್ನೂ ಹೊಣೆಯನ್ನೂ ಹೇಳಿಕೊಡಲಿ.

ಧಾರಾಪುರಂನಿಂದ ಹೊರಡುವ ದಿನ ಮನೆ ಬಾಗಿಲಲ್ಲೇ ಬೆಲ್ಟ್ ಹಾಕಿದೆ. ಭಾವ ಈ ಸಲ ಏನೂ ಹೇಳಲಿಲ್ಲ, ಆದರೆ ತನ್ನ ಬೆಲ್ಟ್ ಹಾಕಲೂ ಇಲ್ಲ. "ನೀವು ಹಾಕುವವರೆಗೆ ಕಾರು ಹೊರಡುವುದು ಬೇಡ" ಅಂದೆ. ಹಿಂದೆ ಕೂತಿದ್ದ ತಂಗಿ, "ಇಷ್ಟು ವರ್ಷ ನಾನು ಹೇಳಿದ್ದು ಇವರ ಕಿವಿಗೆ ಬೀಳಲಿಲ್ಲ" ಅಂದಳು. ಬೆಲ್ಟ್ ಬಿತ್ತು, ಕಾರು ಹೊರಟಿತು.