ಫಾರ್ಮ್ಯಾಟ್ ಮಾರ್ನಾ ಪಡೇಗಾ!

ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಅಪ್‌ಡೇಟ್ ಆಗ್ತಿಲ್ಲ, ಏನೋ ಎರರ್ ನಂಬರ್ ಬರ್ತಿದೆ ಅಂತ ಲ್ಯಾಮಿಂಗ್ಟನ್ ರೋಡಿಗೋ, ಡೊಂಬಿವಲಿ ಸ್ಟೇಷನ್ ಹತ್ತಿರದ ರಿಪೇರಿ ಅಂಗಡಿಗೋ ಒಯ್ದು ನೋಡಿ. ಹುಡುಗ ಮುಚ್ಚಳ ತೆರೆಯುವ ಮೊದಲೇ ತೀರ್ಪು ಕೊಟ್ಟಿರುತ್ತಾನೆ: "ಫಾರ್ಮ್ಯಾಟ್ ಮಾರ್ನಾ ಪಡೇಗಾ, ಅಂಕಲ್!" ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಇಷ್ಟು ವರ್ಷ ಈ ಊರಲ್ಲಿದ್ದು ನಾನು ಕೇಳಿದ ಅತಿ ದುಬಾರಿ ಸಲಹೆಗಳಲ್ಲಿ ಇದೂ ಒಂದು.

2024ರ ಜನವರಿ 9ರಂದು ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೆಬಿ5034441 ಎಂಬ ಅಪ್‌ಡೇಟ್ ಬಿಟ್ಟಿತು. ಬಿಟ್‌ಲಾಕರ್‌ನಲ್ಲಿದ್ದ ಒಂದು ಕಂಡಿ ಮುಚ್ಚಲು. ಎಷ್ಟೋ ಮಂದಿಗೆ 0ಎಕ್ಸ್80070643 ಎಂಬ ಎರರ್ ಬಂತು. ಅದರ ಅರ್ಥ "ಇನ್‌ಸ್ಟಾಲ್ ಆಗಲಿಲ್ಲ" ಅಂತ ಅಷ್ಟೇ! ಅಸಲು ಕಾರಣವೇ ಬೇರೆ. ಡಿಸ್ಕಿನ ಮೂಲೆಯಲ್ಲಿ ಅಡಗಿರುವ ರಿಕವರಿ ಪಾರ್ಟಿಷನ್‌ನಲ್ಲಿ 250 ಎಂಬಿ ಖಾಲಿ ಜಾಗ ಬೇಕಿತ್ತು, ಇರಲಿಲ್ಲ. ಸಿ ಡ್ರೈವಿನಲ್ಲಿ ನೂರು ಜಿಬಿ ಖಾಲಿ ಇದ್ದರೂ ಉಪಯೋಗವಿಲ್ಲ. ಚಾಳಿನ ಖೋಲಿಯಲ್ಲಿ ಅಡಿಗೆಮನೆ ಚಿಕ್ಕದಾದರೆ ಹೊರಗಿನ ಗ್ಯಾಲರಿ ಎಷ್ಟು ಉದ್ದವಿದ್ದರೇನು? ಜಾಗ ಕಡಿಮೆ ಎಂದು ಹೇಳಬೇಕಾದಲ್ಲಿ ತಪ್ಪು ಸಂದೇಶ ಬರುತ್ತಿದೆ ಅಂತ ಕಂಪನಿಯೇ ಒಪ್ಪಿಕೊಂಡಿತು. ಕೊನೆಗೆ, ತಾನಾಗಿಯೇ ಸರಿಯಾಗುವ ಪರಿಹಾರ ಇಲ್ಲ, ಪಾರ್ಟಿಷನ್ ನೀವೇ ದೊಡ್ಡದು ಮಾಡಿಕೊಳ್ಳಿ ಅಂದಿತು.

ಈಗ ಹೇಳಿ, ಸಿ ಡ್ರೈವ್ ಫಾರ್ಮ್ಯಾಟ್ ಮಾಡಿದರೆ ಆ ಪಾರ್ಟಿಷನ್ ಒಂದಿಂಚಾದರೂ ಬೆಳೆಯುತ್ತದೆಯೇ? ದುಡ್ಡೂ ಹೋಯ್ತು, ಫೋಟೋಗಳೂ ಹೋದವು, ಎರರ್ ಮಾತ್ರ ಹಾಗೇ ಕೂತಿತು.

ಎರರ್ ನಂಬರ್ ಅಂದರೆ ರೋಗದ ಹೆಸರಲ್ಲ, ಬರೀ ಜ್ವರ. ಮೊದಲು ಸಣ್ಣಪುಟ್ಟದ್ದು ನೋಡಿ. ಹಳೇ ಲ್ಯಾಪ್‌ಟಾಪಿನ ಒಳಗಿನ ಪುಟ್ಟ ಬ್ಯಾಟರಿ ಸತ್ತು ತಾರೀಖು ಹಿಂದೆ ಹೋಗಿದ್ದರೆ ಲ್ಯಾಪ್‌ಟಾಪ್ ಸರ್ವರನ್ನು ನಂಬುವುದೇ ಇಲ್ಲ. ಮೊಬೈಲ್ ಹಾಟ್‌ಸ್ಪಾಟ್ 'ಮೀಟರ್ಡ್' ಅಂತಿದ್ದರೆ ಬಹಳಷ್ಟು ಅಪ್‌ಡೇಟ್ ಇಳಿಯುವುದಿಲ್ಲ. ಅರ್ಧ ಇಳಿದು ಕೆಟ್ಟ ಫೈಲುಗಳಾದರೆ ವಿಂಡೋಸ್ ಅಪ್‌ಡೇಟ್ ಸರ್ವಿಸ್ ನಿಲ್ಲಿಸಿ, ಸಾಫ್ಟ್‌ವೇರ್‌ಡಿಸ್ಟ್ರಿಬ್ಯೂಷನ್ ಫೋಲ್ಡರಿನೊಳಗಿನ ಡೌನ್‌ಲೋಡ್ ಫೋಲ್ಡರ್ ಖಾಲಿ ಮಾಡಿ. ಆಮೇಲೆ ಡಿಐಎಸ್‌ಎಂ, ಎಸ್‌ಎಫ್‌ಸಿ ಕಮಾಂಡುಗಳಿವೆ. ಇದಕ್ಕೆಲ್ಲ ಒಂದು ಮಧ್ಯಾಹ್ನ ಸಾಕು. ಪಾರ್ಟಿಷನ್‌ಗೆ ಕೈ ಹಾಕುವುದಾದರೆ ಮಾತ್ರ ಮೊದಲು ಬ್ಯಾಕಪ್ ಮಾಡಿ, ಬಿಟ್‌ಲಾಕರ್ ಕೀ ಬರೆದಿಟ್ಟುಕೊಂಡು, ತಿಳಿದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ನಮ್ಮಂಥವರಿಗೆ ಇನ್ನೊಂದು ಸಂಕಟವಿದೆ, ಅಂಗಡಿಯ ಹುಡುಗನಿಗೆ ಅದರ ಗಂಧವೂ ಇಲ್ಲ. ಹಳೆಯ ನುಡಿ, ಬರಹದಲ್ಲಿ ಟೈಪಿಸಿದ ಕಡತಗಳು ಯೂನಿಕೋಡ್ ಅಲ್ಲ. ಕನ್ನಡ ಸಂಘದ ವರದಿ, ನಾಟಕದ ಸ್ಕ್ರಿಪ್ಟ್, ಅಪ್ಪನ ನೆನಪಿನ ಬರಹ ಎಲ್ಲವೂ ಅವುಗಳದೇ ಫಾಂಟಿನ ಮೇಲೆ ನಿಂತಿವೆ. ಫಾರ್ಮ್ಯಾಟ್ ಆದಮೇಲೆ ಫೈಲ್ ವಾಪಸ್ ಹಾಕಿದರೂ ಫಾಂಟಿಲ್ಲದೆ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಿಚಡಿ! ಕೆಟ್ಟುಹೋಗಿದೆ ಅಂತ ಡಿಲೀಟ್ ಮಾಡಿದವರನ್ನು ಬಲ್ಲೆ. ಫೈಲುಗಳ ಜೊತೆ ಫಾಂಟುಗಳನ್ನೂ ಪೆನ್‌ಡ್ರೈವಿಗೆ ಹಾಕಿಡಿ. ಸಾಧ್ಯವಾದರೆ ಈಗಲೇ ಯೂನಿಕೋಡ್‌ಗೆ ಬದಲಿಸಿಕೊಳ್ಳಿ, ಅದಕ್ಕೆ ಕನ್ವರ್ಟರ್‌ಗಳಿವೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ಟಿಪಿಎಂ 2.0 ಇಲ್ಲದ ಯಂತ್ರಕ್ಕೆ 11 ಅಧಿಕೃತವಾಗಿ ಸಿಗದು. ಅಲ್ಲಿ ಬರುವ "ಆಗುವುದಿಲ್ಲ" ಎನ್ನುವ ಸಂದೇಶ ಎರರ್ ಅಲ್ಲ, ಕಂಪನಿಯ ನಿಯಮ. ಅದಕ್ಕೂ ಫಾರ್ಮ್ಯಾಟ್ ಮಾರ್ತೀನಿ ಅಂದರೆ ಲ್ಯಾಪ್‌ಟಾಪ್ ಬಗಲಿಗೇರಿಸಿ ನೆಟ್ಟಗೆ ಮನೆಗೆ ಬನ್ನಿ.